ಅಕ್ಕೋರ ನಲವತ್ತೆಂಟು ಎಕರೆ

ಅಕ್ಕೋರ ಜಮೀನಿಗೆ ನಾನು ಮೊದಲ ಸಲ ಹೋದಾಗ ಅವರು ಸೀಟಿ ಊದುತ್ತಿದ್ದರು. ಇಳಕಲ್ ಸೀರೆ, ಅದರ ಮೇಲೆ ರಸ್ತೆ ಕೆಲಸದವರು ತೊಡುವ ಕಿತ್ತಳೆ ಬಣ್ಣದ ಜಾಕೆಟ್ಟು, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ಎದುರಿಗೆ ಇಬ್ಬರು ತರುಣರು ಬಂದೂಕು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಬಾತುಗಳ ಬೇಟೆಗೆ ಬಂದವರು. ದಾರಿ ತಪ್ಪಿತು ಎನ್ನುತ್ತಿದ್ದರು.

ಅಕ್ಕೋರು ಬಗಲಿನ ಚೀಲದಿಂದ ನೀಲಿ ರಟ್ಟಿನ ಹಾಜರಿ ಪುಸ್ತಕ ತೆಗೆದು, ಇಬ್ಬರ ಕೈಯಲ್ಲೂ ಹೆಸರು, ಊರು, ಬಂದ ವೇಳೆ ಬರೆಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ, ತರಗತಿಯ ಧಾಟಿಯಲ್ಲಿ ಹೇಳಿದರು: ಮುಂದಿನ ಸಲ ಬಾಗಿಲಿಗೆ ಬಂದು ಕೇಳಿ. ನಾನು ಇಲ್ಲ ಎನ್ನುತ್ತೇನೆ. ಆದರೂ ಕೇಳಬೇಕು.

ಹುಡುಗರು ತಲೆ ತಗ್ಗಿಸಿಕೊಂಡು ಬೇಲಿ ದಾಟಿ ಹೋದರು. ಅಕ್ಕೋರು ನನ್ನ ಕಡೆ ತಿರುಗಿದರು.

"ಬರ್ರಿ ಸಿಸ್ಟರ್. ಹತ್ತಕ್ಕ ಬರ್ತೀನಿ ಅಂದ್ರಿ, ಹತ್ತಕ್ಕs ಬಂದ್ರಿ. ನಾ ಇನ್ನೂ ಚಹಾಕ್ಕ ಇಟ್ಟಿಲ್ಲ."

"ಬಂದೂಕು ಹಿಡಿದವರ ಎದುರಿಗೆ ಹೀಗೆ ಹೋಗೋದಾ? ಭಯ ಆಗಲ್ವಾ ನಿಮಗೆ?"

"ಏಳನೇ ಕ್ಲಾಸ್ ಬಿ ಸೆಕ್ಷನ್ನಿಗೆ ಗಣಿತ ಕಲಿಸೀನ್ರಿ. ಇವರೇನು ಮಹಾ."

ಅದು ೨೦೦೮ರ ಶರತ್ಕಾಲ. ಅವರ ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಆ ಯಜಮಾನರೂ ನನ್ನ ಯಜಮಾನರೂ ಒಂದೇ ಕಾರ್ಖಾನೆಯಲ್ಲಿ ಎಂಜಿನಿಯರುಗಳು. ಎರಡೂ ಕುಟುಂಬ ಪರದೇಶದ ಈ ಮಾಲ್ಟನ್ ಪಟ್ಟಣದಲ್ಲಿ ಮೂರು ಬೀದಿ ಆಚೀಚೆ ಇದ್ದೆವು. ನಿವೃತ್ತಿಯಾದ ಮೇಲೆ ಅವರು ಗಂಡಹೆಂಡತಿ ಬೋಲ್ಟನ್ ಊರಿನ ಉತ್ತರಕ್ಕೆ ನಲವತ್ತೆಂಟು ಎಕರೆ ಕೊಂಡರು. ಮುಂದೆ ಹುಲ್ಲಿನ ಹೊಲ, ಹಿಂದೆ ದೇವದಾರು, ಮೇಪಲ್ ಮರಗಳ ಕಾಡು, ನಡುವೆ ಒಂದು ಹಳ್ಳ. ಯಜಮಾನರು ಹೋದ ಮೇಲೆ ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ಅವರು ಮಾರಲಿಲ್ಲ.

ಧಾರವಾಡದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವರು ಕಲಿಸಿದ್ದು ಆರೇ ವರ್ಷ, ಮದುವೆಗೆ ಮುಂಚೆ. ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ ಒಂದು ಬಿಸ್ಕತ್ತಿನ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದರು. ಆದರೂ ನಮ್ಮ ಜನಕ್ಕೆ ಅವರು ಅಕ್ಕೋರೇ. ನಾನು ಸಿಸ್ಟರ್. ಮೂವತ್ನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದೆ. ರೋಗಿಯ ಹೊಟ್ಟೆಯೊಳಗೆ ಎಷ್ಟು ಬಟ್ಟೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಎಣಿಸಿ ಹೇಳುವವರೆಗೆ ಯಾವ ಸರ್ಜನ್ನೂ ಹೊಲಿಗೆ ಹಾಕುವಂತಿರಲಿಲ್ಲ. ಇಂದಿಗೂ ಐದಕ್ಕೆ ಏಳುತ್ತೇನೆ, ಒಂಬತ್ತೂವರೆಗೆ ದೀಪ ಆರಿಸುತ್ತೇನೆ. ಅಕ್ಕೋರಿಗೆ ವೇಳೆಯೆಂಬುದೇ ಇರಲಿಲ್ಲ. ಹಸಿವಾದಾಗ ಊಟ, ಬೇಸರವಾದಾಗ ನಿದ್ದೆ. ಅಡುಗೆಮನೆಯ ಗಡಿಯಾರ ನಿಂತು ಎಷ್ಟು ವರ್ಷವಾಗಿತ್ತೋ. ನಾನು ಸೆಲ್ ಹಾಕಿದೆ. ಮುಂದಿನ ಸಲ ಹೋದಾಗ ಆ ಸೆಲ್ಲು ಟಾರ್ಚಿನಲ್ಲಿತ್ತು.

ಅಕ್ಕಪಕ್ಕದ ರೈತರ ಬೇಲಿಗಳ ಮೇಲೆ 'ಅತಿಕ್ರಮ ಪ್ರವೇಶ ನಿಷಿದ್ಧ' ಎಂಬ, ಅಂಗಡಿಯಲ್ಲಿ ಕೊಂಡ ಫಲಕಗಳಿದ್ದವು. ಅಕ್ಕೋರು ಹಲಗೆಯ ಮೇಲೆ ತಾವೇ ಬಣ್ಣದಲ್ಲಿ ಬರೆದು ತೂಗುಹಾಕಿದ್ದರು: ದಯವಿಟ್ಟು ಕೇಳಿ. ಮನೆಯ ಬಾಗಿಲು ಆ ಕಡೆ ಇದೆ. ಕೆಳಗೊಂದು ಬಾಣದ ಗುರುತು. ಇದನ್ನು ನೋಡಿ ಬರುವವರೇ ಹೆಚ್ಚಾಗುತ್ತಾರೆ ಎಂದು ನಾನು ಎಚ್ಚರಿಸಿದೆ.

"ಬರ್ಲಿ. ಇಲ್ಲ ಅನ್ನಾಕ ನನಗ ಬಾಯಿಲ್ಲೇನು? ಕೇಳಿ ಬಂದಾವ ಇಲ್ಲ ಅನಿಸ್ಕೊಂಡ್ರೂ ಮರ್ಯಾದಿಲೆ ಹೋಗ್ತಾನ. ಕೇಳದ ಬಂದಾವಗ ನಾ ಏನಂತ ಮಾತಾಡ್ಸಲಿ?"

ಕೇಳಿ ಬರುತ್ತಿದ್ದವನು ಒಬ್ಬ ಮುದುಕ. ಬೋಲ್ಟನ್ನಿನವನು, ಇಟಲಿಯಿಂದ ಬಂದು ಆಯುಷ್ಯವೆಲ್ಲ ಇಟ್ಟಿಗೆ ಗೋಡೆ ಕಟ್ಟಿದವನು. ಅಕ್ಕೋರು ಅವನಿಗಿಟ್ಟ ಹೆಸರು ಗೌಂಡಿ ಅಜ್ಜ. ಹಿಂಬದಿಯ ಇನ್ನೊಬ್ಬರ ಜಮೀನಿನಲ್ಲಿ ಅವನಿಗೆ ಬಿಲ್ಲುಬಾಣದ ಜಿಂಕೆ ಬೇಟೆಗೆ ಅನುಮತಿ ಇತ್ತು. ಅಲ್ಲಿಗೆ ಹೋಗಲು ಅಕ್ಕೋರ ಹೊಲ ದಾಟಿದರೆ ಹತ್ತಿರ. ಪ್ರತಿ ಸೆಪ್ಟೆಂಬರಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನ ಹಿತ್ತಲಿನ ಟೊಮೇಟೊ ಹಿಡಿದು ಬಂದು ಬಾಗಿಲು ತಟ್ಟುತ್ತಿದ್ದ. "ಮಿಸ್ಸಸ್, ಈ ವರ್ಷವೂ ದಾಟಬಹುದೇ?" ಅಕ್ಕೋರು ಪ್ರತಿ ವರ್ಷವೂ ಹೊಸದಾಗಿ ಯೋಚಿಸಿದಂತೆ ಮಾಡಿ, "ದಾಟು. ಬಿಲ್ಲಿಗೆ ಬಾಣ ಹೂಡಬೇಡ" ಎನ್ನುತ್ತಿದ್ದರು. ಹುಟ್ಟಿನಿಂದ ಶಾಕಾಹಾರಿ, ಬೇಟೆಯೆಂದರೆ ಆಗದು. ಆದರೂ ಆ ಮುದುಕ ಹೊಲದ ಅಂಚಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ದಾಟುವುದನ್ನು ಕಿಟಕಿಯಿಂದ ನೋಡುತ್ತಿದ್ದರು.

"ಆ ಟೋಪಿ ಯಾಕೆ ತೆಗೀತಾನೆ?" ಎಂದೆ ಒಮ್ಮೆ.

"ನಮ್ಮಪ್ಪ ಮಂದಿ ಹೊಲ ದಾಟುವಾಗ ಚಪ್ಪಲಿ ಕೈಯಾಗ ಹಿಡೀತಿದ್ದ. ಹಂಗ ಇದು."

ಅವರ ತಂದೆಯ ಹೊಲ ನವಲಗುಂದದ ಕಡೆಯದು. ಎರೆಮಣ್ಣು. ಅದರ ಕಥೆ ಹೇಳಲು ಕೂತರೆ ಅಕ್ಕೋರಿಗೆ ಅನ್ನ ತಳಹಿಡಿದದ್ದೂ ತಿಳಿಯುತ್ತಿರಲಿಲ್ಲ. ಅವರು ಮಾಡುವ ಸಜ್ಜೆ ರೊಟ್ಟಿಗೆ ಸಾಟಿಯಿರಲಿಲ್ಲ, ಅನ್ನ ಮಾತ್ರ ನಾಲ್ಕು ದಿನಕ್ಕೊಮ್ಮೆ ಸೀಯುತ್ತಿತ್ತು.

ಅವರ ಮಗ ಓಕ್‌ವಿಲ್ಲಿನಲ್ಲಿ. ಇಲ್ಲೇ ಹುಟ್ಟಿದವನು, ಒಳ್ಳೆಯವನು. ಒಂದು ವರ್ಷ ಬಾತು ಹೊಡೆಯುವವರ ಬಂದೂಕಿನ ಸಣ್ಣ ಚರೆಗುಂಡುಗಳು ಬಂದು ಶೆಡ್ಡಿನ ತಗಡಿನ ಮೇಲೆ ಉದುರಿದವು. ಆ ಭಾನುವಾರ ಅವನು ಬಂದಾಗ ನಾನೂ ಅಲ್ಲಿದ್ದೆ.

"ಅವ್ವಾ, ಲಿಸನ್. ನೆಕ್ಸ್ಟ್ ಟೈಮ್ ಎನಿಬಡಿ ವಿತ್ ಎ ವೆಪನ್ ಈ ಮನಿ ಹತ್ರ ಬಂದ್ರ, ವಿ ಸೆಲ್. ಓಕೆ?"

"ಆತು."

"ಪ್ರಾಮಿಸ್?"

"ಆತಂದ್ನೆಲ್ಲೋ. ನಮ್ಮಲ್ಲಿ ಆತಂದ್ರ ಪ್ರಾಮಿಸ್ಸs."

ಅವನು ಹೋದ ಮೇಲೆ ಪಾತ್ರೆ ತೊಳೆಯುತ್ತ ನನಗೆ ಹೇಳಿದರು: "ಈ ಮಣ್ಣಿನ ಮ್ಯಾಲ ಅಡ್ಡಾಡಕೋತ ಹೋಗಿಬಿಡಬೇಕ್ರಿ ಸಿಸ್ಟರ್. ಮತ್ತೇನೂ ಕೇಳಂಗಿಲ್ಲ ನಾ." ಅಂದಿನಿಂದ ಅವರ ಬದುಕು ಆ ಒಂದು ಮಾತಿನ ಮೇಲೆ ನಿಂತಿದೆ ಎಂದು ನನಗೆ ತಿಳಿದಿತ್ತು. ಆಯುಧ ಹಿಡಿದವರು ಮನೆಯ ಹತ್ತಿರ ಬರಬಾರದು. ಬಂದರೆ ಜಮೀನು ಹೋಯಿತು.

೨೦೧೧ರ ಸೆಪ್ಟೆಂಬರಿನಲ್ಲಿ ಅವರಿಗೆ ಮೊಣಕಾಲಿನ ಆಪರೇಷನ್ ಆಯಿತು. ಎಂಟು ವಾರ ನೋಡಿಕೊಳ್ಳಲು ನಾನು ಹೋಗಿ ನಿಂತೆ. ಮೊದಲ ದಿನವೇ ರೆಫ್ರಿಜರೇಟರಿನ ಮೇಲೆ ವೇಳಾಪಟ್ಟಿ ಅಂಟಿಸಿದೆ. ಆರಕ್ಕೆ ಮಾತ್ರೆ, ಆರೂವರೆಗೆ ವ್ಯಾಯಾಮ, ಏಳೂಕಾಲಿಗೆ ನಾಷ್ಟಾ.

"ಜೈಲಿನ್ಯಾಗೂ ಇಷ್ಟು ಇರಂಗಿಲ್ಲ ಬಿಡ್ರಿ," ಎಂದರು. ಆದರೆ ಪಾಲಿಸಿದರು.

ಚರಗ ಚೆಲ್ಲುವ ವಿಷಯ ಬಂದದ್ದು ಆಗ. ಉತ್ತರ ಕರ್ನಾಟಕದಲ್ಲಿ ಶೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಬುಟ್ಟಿ ಹೊತ್ತು ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಕಡಬು, ರೊಟ್ಟಿ, ಕುಂಬಳಕಾಯಿ ಪಲ್ಯವನ್ನು ಹೊಲದ ಸುತ್ತ ಚೆಲ್ಲುತ್ತಾರೆ. ಬಸುರಿ ಭೂಮಿಗೆ ಬಯಕೆಯ ಊಟ. ನಮ್ಮ ಮೈಸೂರಿನ ಕಡೆ ನಾನು ಇದನ್ನು ಕಂಡಿರಲಿಲ್ಲ. ಅಕ್ಕೋರು ಪ್ರತಿ ವರ್ಷವೂ ನಾಲ್ಕು ಮೂಲೆಗೂ ಹೋಗಿ "ಹುಲಿಗ್ಯೋ" ಎಂಬ ಚರಗದ ಕೂಗು ಹಾಕಿ ಚೆಲ್ಲಿ ಬರುತ್ತಿದ್ದರು. ಹುಣ್ಣಿಮೆಗೆ ಮುಗಿಸುತ್ತಲೂ ಇರಲಿಲ್ಲ. ಮನೆಯಲ್ಲಿ ಉಣ್ಣುವವರಿಲ್ಲ, ಮಿಕ್ಕಿದ ರೊಟ್ಟಿ, ಕುಂಬಳದ ತುಂಡು, ಮೆಕ್ಕೆಜೋಳವನ್ನು ಹಿಮ ಬೀಳುವ ತನಕ ಮನಸ್ಸು ಬಂದಾಗ, ಮನಸ್ಸು ಬಂದ ಮೂಲೆಗೆ ಒಯ್ದು ಸುರಿಯುತ್ತಿದ್ದರು. ಎಷ್ಟೋ ದಿನ ಮರೆಯುತ್ತಿದ್ದರು.

ಆ ವರ್ಷ ಅವರಿಗೆ ನಡೆಯಲಾಗದು. ಬುಟ್ಟಿ ಹೊರುವ ಕೆಲಸ ನನ್ನದಾಯಿತು. ನಾನು ಅದನ್ನೂ ಪಟ್ಟಿಗೆ ಸೇರಿಸಿದೆ. ಎಂಟು ಗಂಟೆ, ಈಶಾನ್ಯದ ಮೂಲೆ. ಆ ಮೂಲೆಯೊಂದೇ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು. ಅಕ್ಕೋರು ಕುರ್ಚಿಯಲ್ಲಿ ಕಾಲು ಚಾಚಿ, ಯಜಮಾನರ ದುರ್ಬೀನು ಹಿಡಿದು ಕೂರುತ್ತಿದ್ದರು. ಮೊದಲು ಕಾಗೆ ಬಂದವು. ಐದನೆಯ ದಿನ ಜಿಂಕೆ ಬಂತು. ಹತ್ತನೆಯ ದಿನದ ಹೊತ್ತಿಗೆ ನಾನು ಬುಟ್ಟಿ ಸುರಿದು ಬಂದು ಕೈ ತೊಳೆಯುವಷ್ಟರಲ್ಲಿ ಹಾಜರು.

"ಇವತ್ತ ಐದು ಮಂದಿ, ಸಿಸ್ಟರ್. ಆ ಕಿವಿ ಹರದಾಕಿ ಮತ್ತ ಎಲ್ಲಾರಿಗಿಂತ ಮೊದಲ."

"ನೋಡಿ, ವೇಳೆ ಅಂತ ಒಂದಿದ್ರೆ ಪ್ರಾಣಿಗಳೂ ಕಲಿಯುತ್ತವೆ."

"ಕಲಿಸಿದಾಕಿ ಮೈಸೂರಾಕಿ ಅಂತ ಅವಕ್ಕೂ ಗೊತ್ತಾಗೇತಿ ತಗೋರಿ."

ಅಷ್ಟು ಗೆಲುವಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ನವೆಂಬರಿನ ಮೊದಲ ವಾರ. ಬುಟ್ಟಿ ಸುರಿದು ಬಂದು ಕೈ ತೊಳೆಯುತ್ತಿದ್ದೆ. ಕಿಟಕಿಯ ಹತ್ತಿರದಿಂದ ಅಕ್ಕೋರು, "ಇದ್ಯಾಕ ಹಿಂಗ ಓಡಾಕತ್ತೈತಿ?" ಎಂದರು. ನಾನು ತಿರುಗುವಷ್ಟರಲ್ಲಿ ಕಿವಿ ಹರಿದ ಹೆಣ್ಣು ಜಿಂಕೆ ಹೊಲ ದಾಟಿ ಮನೆಯ ಕಡೆಗೇ ಬಂದು, ಸೌದೆಯ ರಾಶಿಯ ಪಕ್ಕದಲ್ಲಿ ಮುಂಗಾಲು ಮಡಿಸಿ ಕುಸಿಯಿತು. ಪಕ್ಕೆಯಲ್ಲಿ ಬಾಣ. ಸಾವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎರಡು ನಿಮಿಷ ಆಗಿರಬಹುದು.

ರಕ್ತದ ಗುರುತು ಹಿಡಿದು ಒಬ್ಬ ಬಂದ. ಮೂವತ್ತು ವಯಸ್ಸು, ಎಲೆಬಣ್ಣದ ಬಟ್ಟೆ, ಕೈಯಲ್ಲಿ ಬೇಟೆಯ ಬಿಲ್ಲು. ನಮ್ಮನ್ನು ಕಂಡು ಟೋಪಿ ತೆಗೆದ. ಅಕ್ಕೋರು ವಾಕರ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು.

"ಕ್ಷಮಿಸಿ ಮೇಡಂ. ಅದು ನನ್ನದು," ಎಂದ.

"ಯಾರನ್ನು ಕೇಳಿ ಬಂದೆ?" ಅಕ್ಕೋರು ಇಂಗ್ಲಿಷಿನಲ್ಲಿ ಕೇಳಿದರು.

ಅವನು ನಿಜವಾಗಿಯೂ ಗಲಿಬಿಲಿಗೊಂಡ. ಹಿಂದಿನ ರಸ್ತೆಯ ಕಡೆ ಫಲಕವಿರಲಿಲ್ಲ ಎಂದ. ದಿನಾ ತಿಂಡಿ ಸುರಿದದ್ದು ನೋಡಿ ಈ ಮನೆಯವರೂ ಬೇಟೆಗಾಗಿಯೇ ಜಿಂಕೆಗಳಿಗೆ ರೂಢಿ ಮಾಡಿಸುತ್ತಿದ್ದಾರೆ ಎಂದುಕೊಂಡನಂತೆ. ಆಮೇಲೆ ನನ್ನ ಕಡೆ ನೋಡಿ, ಮೆಚ್ಚುಗೆಯಿಂದಲೇ ಹೇಳಿದ:

"ನಿಮ್ಮ ಶಿಸ್ತು ದೊಡ್ಡದು. ಮೂರು ವಾರದಿಂದ ನೋಡುತ್ತಿದ್ದೇನೆ, ಎಂಟು ಎಂದರೆ ಎಂಟೇ. ಇವತ್ತು ನೀವು ಬುಟ್ಟಿ ಸುರಿಯುವಾಗ ನಾನು ಮೇಲೆ ಮರದಲ್ಲೇ ಕೂತಿದ್ದೆ."

ನನ್ನ ಶಿಸ್ತನ್ನು ಸರ್ಜನ್ನರು ಹೊಗಳಿದ್ದಾರೆ. ಬೀಳ್ಕೊಡುಗೆಯ ದಿನ ಭಾಷಣ ಮಾಡಿ ಹೊಗಳಿದ್ದಾರೆ. ಆ ಮಾತನ್ನು ಕೊನೆಯ ಸಲ ಕೇಳಿದ್ದು ಅವನ ಬಾಯಲ್ಲಿ.

ಅಕ್ಕೋರು ಜಿಂಕೆಯ ಕಡೆ ನೋಡಿದರು. ಆಮೇಲೆ, ಮನೆಯಲ್ಲಿ ತಿನ್ನುವವರಿದ್ದಾರೆಯೇ ಎಂದು ಕೇಳಿದರು. ಹೆಂಡತಿ, ತಾಯಿ, ಮೂರು ಮಕ್ಕಳು ಎಂದ. "ತೆಗೆದುಕೊಂಡು ಹೋಗು. ಕೊಂದದ್ದನ್ನು ಕೊಳೆಯಲು ಬಿಡಬೇಡ. ಇನ್ನು ಬರಬೇಡ." ಅವನು ತನ್ನ ಟ್ರಕ್ಕನ್ನು ಸುತ್ತಿಸಿ ಗೇಟಿಗೆ ತಂದ. ಹಾಜರಿ ಪುಸ್ತಕ ತರಲೇ ಎಂದು ಕೇಳಿದೆ. ಬೇಡ ಎಂದರು. ನಾನು ಟ್ರಕ್ಕಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ.

"ತಪ್ಪು ನನ್ನದು, ಅಕ್ಕೋರೇ."

"ನಿಮ್ದೇನೈತ್ರಿ. ನಮ್ಮೂರಾಗ ಒಂದs ದಿನ ಚೆಲ್ಲಿ ಮನಿಗೆ ಬರ್ತಾರ. ನಾ ದಿನಾ ಚೆಲ್ಲಿಸಿದೆ. ಅವು ನಂಬಿಬಿಟ್ವು." ನನ್ನ ಕೈ ಹಿಡಿದರು. "ಒಂದು ಮಾತು ನಡಸ್ರಿ. ನನ್ನ ಮಗಗ ಇದನ್ನ ಹೇಳಬ್ಯಾಡ್ರಿ."

ನಾನು ಏನೂ ಹೇಳಲಿಲ್ಲ. ಅವರು ಅದನ್ನೇ ಒಪ್ಪಿಗೆ ಎಂದುಕೊಂಡರು.

ಥಿಯೇಟರಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ: ನಡೆದದ್ದನ್ನು ಪಾಳಿ ಮುಗಿಯುವ ಮುಂಚೆ ಬರೆದು ಒಪ್ಪಿಸಬೇಕು. ಮುಚ್ಚಿಟ್ಟ ತಪ್ಪು ಒಳಗೇ ಕೊಳೆಯುತ್ತದೆ. ನಾನು ಅಲ್ಲಿಂದ ಹೋದ ಮೇಲೆ ಅವರು ಒಬ್ಬರೇ, ಕಾಲು ಇನ್ನೂ ಸರಿಯಾಗಿಲ್ಲ, ಬಿಲ್ಲು ಹಿಡಿದವನು ಅಂಗಳದ ತನಕ ಬಂದಿದ್ದಾನೆ. ಹನ್ನೆರಡರೊಳಗೆ ಪೊಲೀಸರಿಗೆ ಫೋನ್ ಮಾಡಿದೆ. ಆಮೇಲೆ ಮಗನಿಗೆ.

ಪೊಲೀಸರು ಬಂದು ಮರದ ಮೇಲಿನ ಮಂಚಿಕೆಯನ್ನೂ ಕಾಂಡಕ್ಕೆ ಕಟ್ಟಿದ್ದ ಸಣ್ಣ ಕ್ಯಾಮೆರಾವನ್ನೂ ಬಿಚ್ಚಿಕೊಂಡು ಹೋದರು. ಸಂಜೆ ಮಗ ಬಂದ. ಜಗಳವೇನೂ ಆಗಲಿಲ್ಲ.

"ಅವ್ವಾ, ಯು ಪ್ರಾಮಿಸ್ಡ್."

"ಹೌದು," ಎಂದರು ಅಕ್ಕೋರು. ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದರು. ಆಮೇಲೆ ಅವನಿಗೆ ಊಟಕ್ಕೆ ತಟ್ಟೆ ಇಟ್ಟರು.

ಜಮೀನನ್ನು ಕೊಂಡದ್ದು ಯಾವುದೋ ಕಂಪನಿ. ಮುಂದೆಂದಾದರೂ ಮನೆಗಳನ್ನು ಕಟ್ಟುವ ಲೆಕ್ಕಾಚಾರದವರು. ಗೌಂಡಿ ಅಜ್ಜನಿಗೆ ತಿಳಿಸಬೇಕೆಂದು ಅಕ್ಕೋರು ಅವನ ವಿಳಾಸ ಹುಡುಕಿದರು, ಸಿಗಲಿಲ್ಲ. ತಾವು ಬಿಟ್ಟ ಮನೆಯ ಬಾಗಿಲಿಗೇ ಅವನಿಗೊಂದು ಚೀಟಿ ಅಂಟಿಸಿ ಬಂದರು. ವಾನ್‌ ನಗರದಲ್ಲಿ ಹನ್ನೊಂದನೆಯ ಮಹಡಿಯ ಒಂದು ಫ್ಲ್ಯಾಟಿಗೆ ಹೋದರು. ಯಾಕೆ ಮಾರಿದಿರಿ ಎಂದು ಕೇಳಿದವರಿಗೆ "ಮಾತು ಕೊಟ್ಟಿದ್ದೆ" ಎಂದಷ್ಟೇ ಹೇಳುತ್ತಿದ್ದರು. ನನ್ನ ಹೆಸರು ಎಲ್ಲೂ ಬರಲಿಲ್ಲ.

ಪ್ರತಿ ಗುರುವಾರ ಮೂರಕ್ಕೆ ಹೋಗುತ್ತಿದ್ದೆ. ಚಹಾ ಕೊಡುತ್ತಿದ್ದರು. ನನ್ನ ಬಿ.ಪಿ. ವಿಚಾರಿಸುತ್ತಿದ್ದರು. ಹವೆಯ ಮಾತಾಡುತ್ತಿದ್ದರು. ಮೊದಲು ಸಿಹಿಮೂತ್ರದ ರಿಪೋರ್ಟಿನಿಂದ ಹಿಡಿದು ಯಜಮಾನರ ಹಳೆಯ ಸಿಟ್ಟಿನ ತನಕ ನನಗೆ ಹೇಳದ್ದು ಯಾವುದೂ ಇರಲಿಲ್ಲ. ಈಗ ಹೇಳಬೇಕಾದದ್ದನ್ನು ಹೇಳುತ್ತಿರಲಿಲ್ಲ. ಕಟ್ಟುನಿಟ್ಟಿನ ಟೀಚರ ಮುಂದೆ ಮಕ್ಕಳು ಕೈಕಟ್ಟಿ ಕೂರುತ್ತಾರಲ್ಲ, ಹಾಗೆ ಕೂರುತ್ತಿದ್ದರು. ಗೋಡೆಯ ಗಡಿಯಾರ ಸರಿಯಾಗಿ ನಡೆಯುತ್ತಿತ್ತು. ನಾಲ್ಕು ಗಂಟೆಗೆ ನಾನು ಏಳುತ್ತಿದ್ದೆ.

ಮೂರು ವರ್ಷ ಹೀಗೆ. ೨೦೧೪ರ ಶೀಗಿ ಹುಣ್ಣಿಮೆಯ ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಸಿಸ್ಟರ್, ಹೊಲಕ್ಕ ಹೋಗಿ ಬರೂಣೇನ್ರಿ?"

ಕರೆದೊಯ್ದೆ. ಹಳೆಯ ಮನೆ ಕೆಡವಿದ್ದರು. ಗೇಟು ಅರ್ಧ ತೆರೆದೇ ಇತ್ತು; ಪಕ್ಕದಲ್ಲಿ ಹೊಸ ಫಲಕ, ಪ್ರವೇಶವಿಲ್ಲ ಎಂದು, ಕೆಳಗೊಂದು ಫೋನ್ ನಂಬರು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕೋರು ಗೇಟಿನ ಈಚೆಗೇ ನಿಂತರು.

"ಬನ್ನಿ ಅಕ್ಕೋರೇ. ಯಾರಿದ್ದಾರೆ ನೋಡೋಕೆ?" ಅಂದೆ. ಇಂಥ ಮಾತು ನನ್ನ ಬಾಯಲ್ಲಿ ಬಂದದ್ದು ಆ ಒಂದು ಸಲ.

"ಯಾರೂ ನೋಡಂಗಿಲ್ಲ ಅಂತ ಬಂದವರನ್ನs ಅಲ್ರಿ ನಾ ಬೈದು ಕಳಿಸಿದ್ದು. ನಿಮ್ಮ ಫೋನ್ ಕೊಡ್ರಿ, ಕೇಳೂಣು."

ಆ ಕಡೆ ಯಾರೂ ಎತ್ತಲಿಲ್ಲ. ಸಂದೇಶ ಬಿಡಿ ಎಂದಿತು ಯಂತ್ರ. ಅಕ್ಕೋರು ನೆಟ್ಟಗೆ ನಿಂತು, ಸ್ಪಷ್ಟವಾಗಿ, ತಮ್ಮ ಪೂರ್ತಿ ಹೆಸರು ಹೇಳಿ, ನನ್ನ ಹೆಸರು ಹೇಳಿ, ಇಬ್ಬರು ವಯಸ್ಸಾದ ಹೆಂಗಸರು, ಅರ್ಧ ಗಂಟೆ ನಡೆದಾಡಬೇಕು, ಆಯುಧವಿಲ್ಲ, ಹೋಗುವಾಗ ಗೇಟು ಹಾಕುತ್ತೇವೆ ಎಂದರು. ತಮ್ಮ ಫೋನು ಸರಿಯಾಗಿ ಕೇಳಿಸುವುದಿಲ್ಲವೆಂದು ನನ್ನ ನಂಬರು ಕೊಟ್ಟರು.

ಒಂದು ಗಂಟೆ ಕಾರಿನಲ್ಲಿ ಕಾದೆವು. ಡಬ್ಬಿಯಲ್ಲಿ ತಂದಿದ್ದ ಕಡಬನ್ನು ನಾವೇ ತಿಂದೆವು.

"ನಿಮ್ಮ ಮ್ಯಾಲ ನನಗ ಸಿಟ್ಟಿತ್ರಿ," ಎಂದರು, ಹೊಲದ ಕಡೆ ನೋಡುತ್ತ.

"ಗೊತ್ತು."

"ಈಗೂ ಐತಿ. ಸ್ವಲ್ಪ."

"ಆದ್ರೂ ನನ್ನನ್ನೇ ಕರೆದಿರಲ್ಲ."

"ಕಾರು ನಿಮ್ದಲ್ಲೇನ್ರಿ," ಎಂದು ನಕ್ಕರು. ಆಮೇಲೆ ಮೂರು ವರ್ಷ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರು ಹೇಳಿದ್ದು ನನಗೆ.

ಫೋನ್ ಬರಲಿಲ್ಲ. ಆ ಚಳಿಗಾಲ, ಸಂಕ್ರಾಂತಿ ಕಳೆದ ವಾರ, ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊನೆಯ ಎರಡು ದಿನ ನಾನು ಜೊತೆಗಿದ್ದೆ.

ಏಪ್ರಿಲಿನಲ್ಲಿ, ನಾನು ಬಟ್ಟೆ ಮಡಿಸುತ್ತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಯಾರೋ ಹುಡುಗಿ, ವಿನಯದ ದನಿ. ಆ ನಂಬರಿನ ಸಂದೇಶಗಳನ್ನು ಎಷ್ಟೋ ತಿಂಗಳು ಯಾರೂ ಕೇಳಿರಲಿಲ್ಲವಂತೆ, ತಡವಾದದ್ದಕ್ಕೆ ಕ್ಷಮಿಸಿ ಎಂದಳು. ಜಮೀನಿನಲ್ಲಿ ನಡೆದಾಡಲು ಅನುಮತಿ ಕೊಡಬಹುದಂತೆ. ಇದುವರೆಗೆ ಹೀಗೆ ಕೇಳಿದವರೇ ಇಲ್ಲವಂತೆ. ಒಂದು ಪತ್ರ ಕಳಿಸುತ್ತೇವೆ, ಯಾರಾದರೂ ತಡೆದರೆ ತೋರಿಸಿ ಎಂದಳು.

"ಸಂದೇಶದಲ್ಲಿ ಇಬ್ಬರು ಅಂತ ಇದೆ. ಎರಡೂ ಹೆಸರು ಹಾಕಲೇ?"

ಇಲ್ಲದ್ದನ್ನು ಇದೆ ಎಂದು ನಾನು ಯಾವ ಕಾಗದದ ಮೇಲೂ ಬರೆಸಿದವಳಲ್ಲ.

"ಹಾಕಿ," ಎಂದೆ. ಅಕ್ಕೋರ ಹೆಸರನ್ನು ಅವಳು ಸರಿಯಾಗಿ ಬರೆದುಕೊಳ್ಳಲೆಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವಳು ತಿರುಗಿ ಓದಿದಳು. ಸರಿಯಾಗಿತ್ತು.